ಕಲ್ಲುಬೆಂಚಿನ ಸ್ವತಂತ್ರ ರಾಜ್ಯ

ಬನ್ನಿಮಂಟಪವೆಂದರೆ ಮೈಸೂರಿನವರಿಗೆ ವಿಜಯದಶಮಿಯ ಮೆರವಣಿಗೆ ಮುಗಿಯುವ ಸ್ಥಳ. ನನಗಾದರೋ ಅದು ಒಂದು ರಾಜ್ಯ ಹುಟ್ಟಿ, ಹದಿನೈದು ದಿನ ಬಾಳಿ, ಅಳಿದುಹೋದ ಸ್ಥಳ. ಆ ರಾಜ್ಯದ ವಿಸ್ತೀರ್ಣ ಒಂದು ಕಲ್ಲುಬೆಂಚು, ಪ್ರಜೆಗಳು ನಾಲ್ವರು. ಹದಿಮೂರು ವರ್ಷದ ನಾನು ಅದರ ಜವಾನ. ಎಲೆಯಡಿಕೆ ತಂದುಕೊಡುವುದು ನನ್ನ ಖಾತೆ.

ಅದು 1955ನೆಯ ಇಸವಿ. ಫಜಲ್ ಅಲಿ ಆಯೋಗದ ವರದಿ ಆಗತಾನೆ ಹೊರಬಿದ್ದಿತ್ತು. ಮುಂಬಯಿ, ಹೈದರಾಬಾದು, ಮದರಾಸು, ಕೊಡಗುಗಳಲ್ಲಿ ಹಂಚಿಹೋಗಿದ್ದ ಕನ್ನಡ ಸೀಮೆಗಳು ಮೈಸೂರಿನೊಡನೆ ಕೂಡಬೇಕೆಂಬುದು ಅದರ ಸಾರ. ಹಳೆಯ ಮೈಸೂರಿನ ಹಲವರಿಗೆ ಇದು ಹಿಡಿಸಲಿಲ್ಲ. ನನ್ನ ಸೋದರಮಾವನಂತೂ, "ಮನೆ ತುಂಬ ನೆಂಟರು ಬಂದರೆ ನಮ್ಮ ಎಲೆಗೆ ಹೋಳಿಗೆ ಎಲ್ಲಿಂದ ಬರಬೇಕು?" ಎಂದು ಕೇಳಿ, ಮೈಸೂರು ಬೇರೆಯಾಗಿಯೇ ಉಳಿಯತಕ್ಕದ್ದೆಂದು ಸಾರಿಬಿಟ್ಟರು. ಪೆನ್ಷನ್ ಪಡೆದ ಶಿರಸ್ತೇದಾರರು, ಮಂಡ್ಯದ ವಕೀಲರು, ಕೋಲಾರದ ಕಡೆಯ ಮೇಷ್ಟರು ದನಿಗೂಡಿಸಿದರು.

ಮೊದಲ ಸಂಜೆ ರಾಜ್ಯದ ಆಸ್ತಿಯ ಪಟ್ಟಿ.

"ಕನ್ನಂಬಾಡಿ ಕಟ್ಟೆ," ಎಂದರು ಮಾವ.

"ಅದು ಮಂಡ್ಯ ಜಿಲ್ಲೆಯಲ್ಲಿದೆ," ಎಂದರು ವಕೀಲರು.

"ಶಿವನಸಮುದ್ರದ ವಿದ್ಯುತ್ತು? 1902ರಿಂದ ದೀಪ ಉರಿಸುತ್ತಿದೆ!"

"ಅದೂ ನಮ್ಮ ಮಳವಳ್ಳಿ ತಾಲ್ಲೂಕೇ."

"ಹೋಗಲಿ, ಚಿನ್ನ?"

ಮೇಷ್ಟರು ಸಣ್ಣಗೆ ಕೆಮ್ಮಿದರು. ಕೊನೆಗೆ ಮಾವನ ಪಾಲಿಗೆ ಮಲ್ಲಿಗೆ, ವೀಳ್ಯದೆಲೆ, ನಂಜನಗೂಡಿನ ರಸಬಾಳೆ ಉಳಿದವು.

ಎರಡನೆಯ ಸಂಜೆ ರಾಜಧಾನಿಯ ವಿಚಾರ. 1831ರಲ್ಲಿ ಆಡಳಿತದ ಕಚೇರಿಗಳು ಬೆಂಗಳೂರಿಗೆ ಹೋದುದನ್ನು ಶಿರಸ್ತೇದಾರರು ನಿನ್ನೆ ರಾತ್ರಿಯ ಕಳವಿನಂತೆ ವರ್ಣಿಸಿದರು. ಮೇಷ್ಟರಿಗೆ ಬೆಂಗಳೂರೇ ಅನುಕೂಲ. ಎರಡಕ್ಕೂ ನಡುವೆ ಮಂಡ್ಯವಿದೆಯಲ್ಲ ಎಂದರು ವಕೀಲರು. ವಾರ ಕಳೆಯುವುದರೊಳಗೆ ಒಂದು ಸ್ವತಂತ್ರ ರಾಜ್ಯ ಮೂರು ಸ್ವತಂತ್ರ ರಾಜ್ಯಗಳಾಯಿತು. ಅಷ್ಟರಲ್ಲಿ ಇನ್ನೊಂದು ಪೆಟ್ಟು: ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಮಾತ್ರವಲ್ಲ, ಜಯಚಾಮರಾಜ ಒಡೆಯರೂ ಏಕೀಕರಣದ ಪರ! ದೊರೆಯ ಹೆಸರಿನಲ್ಲಿ ಹೂಡಿದ ಯುದ್ಧಕ್ಕೆ ದೊರೆಯೇ ಬಾರದಿದ್ದರೆ ಮಾಡುವುದೇನು?

ವಿಜಯದಶಮಿಯ ರಾತ್ರಿ, ಪಂಜಿನ ಕವಾಯತು ಮುಗಿದು ಜನ ಚೆದುರಿದ ಮೇಲೆ, ನಮ್ಮ ವಠಾರದಲ್ಲಿ ಬಾಡಿಗೆಗಿದ್ದ ಧಾರವಾಡದ ಮಾಸ್ತರರು ಬೆಂಚಿನ ಬಳಿಗೆ ಬಂದರು. ಮಾವನ ಕೈಯಲ್ಲಿ ನಾಲ್ಕು ಬನ್ನಿ ಎಲೆಯಿಟ್ಟು, "ರಾಯರ, ನಮ್ಮ ಕಡೆ ಇದಕ್ಕ ಬಂಗಾರ ಅಂತೀವಿ. ತಗೊಳ್ರಿ," ಎಂದು ನಮಸ್ಕರಿಸಿದರು. ಮಾವ ತಬ್ಬಿಬ್ಬಾದರು. ಅರಸರು ಬನ್ನಿಯನ್ನು ಪೂಜಿಸುವುದನ್ನು ಕಂಡಿದ್ದ ಅವರು, ನೆರೆಯವರಿಗೆ ಅದನ್ನು ಹಂಚುವುದನ್ನು ಕಂಡಿರಲಿಲ್ಲ.

ಮಾಸ್ತರರು ಮೆಲ್ಲಗೆ ಹೇಳಿದರು: "ನಮ್ಮಕ್ಕನ್ನ ರಾಯಚೂರಿಗೆ ಕೊಟ್ಟೀವ್ರಿ. ನಿಜಾಮನ ಕಾಲಕ್ಕ ಅಲ್ಲಿ ಕಚೇರಿ ಮಾತೆಲ್ಲಾ ಉರ್ದು. ತನ್ನ ಹೊಲದ ಕಾಗದಾ ಮತ್ತೊಬ್ಬರ ಕಡೆ ಓದಿಸ್ಕೋತಿದ್ದ ನಮ್ಮ ಭಾವ. ನೀವು ಬ್ಯಾರೆ ಆಗೋ ಮಾತಾಡ್ತೀರಿ. ನಾವು ಮನಿಗೆ ಬರೋ ಮಾತಾಡ್ತೀವಿ."

ಯಾರೂ ಉತ್ತರ ಕೊಡಲಿಲ್ಲ. ಪಾಂಡವರು ಆಯುಧಗಳನ್ನು ಬನ್ನಿಯ ಮರದಲ್ಲಿಟ್ಟರಂತೆ. ನಮ್ಮ ನಾಲ್ವರೂ ತಮ್ಮವನ್ನು ಅಲ್ಲಿಯೇ ಬಿಟ್ಟು ಮನೆಗೆ ನಡೆದರು.

1956ರ ನವೆಂಬರ್ 1ರಂದು ಹತ್ತೊಂಬತ್ತು ಜಿಲ್ಲೆಗಳ ರಾಜ್ಯ ಉದಯಿಸಿತು. ಒಡೆಯರೇ ಅದರ ರಾಜ್ಯಪಾಲರಾದರು. 1973ರಲ್ಲಿ ಹೆಸರು 'ಕರ್ನಾಟಕ'ವಾದಾಗ ಮಾವ ಎರಡು ದಿನ ಗೊಣಗಿದರು. ಆದರೆ ವಿಜಯದಶಮಿಗೆ ಮಾಸ್ತರರ ಬಾಗಿಲಿಗೆ ಬನ್ನಿ ಒಯ್ಯುವುದನ್ನು ಒಂದು ವರ್ಷವೂ ತಪ್ಪಿಸಲಿಲ್ಲ.

ಎಂಬತ್ತು ದಾಟಿದ ನನಗೆ ಈಗ ಪ್ರತ್ಯೇಕ ರಾಜ್ಯದ ಕೂಗು ಉತ್ತರದ ದಿಕ್ಕಿನಿಂದ ಆಗಾಗ ಕೇಳಿಸುತ್ತದೆ. ಕಲ್ಲುಬೆಂಚನ್ನು ನೆನೆದು ನಗು ಬರುತ್ತದೆ, ಪೂರ್ತಿ ಬರುವುದಿಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿ ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 26 ಉತ್ತರದವು. ನೆಂಟರು ಬಂದರೆ ಹೋಳಿಗೆ ಸಾಲದೆಂದು ಮಾವ ಹೆದರಿದ್ದರು. ಬಂದವರ ಎಲೆಗೆ ನಾವು ಬಡಿಸಿದ್ದೆಷ್ಟು ಎಂದು ಆ ಬೆಂಚಿನಲ್ಲಿ ಯಾರೂ ಕೇಳಿರಲಿಲ್ಲ.