ಲೋಯಿಸ್ ವೆಬರ್ ಎಂಬ ಚಿತ್ರದಿಗ್ದರ್ಶಕಿ

ಚಲಚ್ಚಿತ್ರವೆಂದೊಡನೆ ನಮ್ಮ ತಾಯಂದಿರಲ್ಲಿ ಕೆಲವರು ಹುಬ್ಬು ಗಂಟಿಕ್ಕುವುದುಂಟು. ಬಾಲಿಕೆಯರ ಶಾಲೆಯ ಸ್ಮರಣಸಂಚಿಕೆಯಲ್ಲಿ ಅದರ ಪ್ರಸ್ತಾಪವೇಕೆಂದು ಕೇಳುವವರೂ ಇರಬಹುದು. ಅಂಥವರು ಈ ವೃತ್ತಾಂತವನ್ನು ಕಡೆಯವರೆಗೆ ಓದಬೇಕೆಂದು ವಿನಂತಿ. ಇಲ್ಲಿ ಹೇಳಹೊರಟಿರುವ ಮಹಿಳೆಯು ಚಿತ್ರಶಾಲೆಯ ಬಾಗಿಲನ್ನು ಕಾಣುವ ಮೊದಲು ಬೀದಿಯ ಮೂಲೆಗಳಲ್ಲಿ ನಿಂತು ಕೀರ್ತನೆಗಳನ್ನು ಹಾಡುತ್ತಿದ್ದವಳು.

ಲೋಯಿಸ್ ವೆಬರಳು ಅಮೆರಿಕಾ ಸಂಯುಕ್ತ ಸಂಸ್ಥಾನದ ಪೆನ್ಸಿಲ್ವೇನಿಯ ಪ್ರಾಂತದ ಅಲೆಘೇನಿ ಪಟ್ಟಣದಲ್ಲಿ ೧೮೭೯ನೆಯ ಇಸವಿ ಜೂನ್ ೧೩ರಂದು ಹುಟ್ಟಿದಳು. ಮನೆಯವರು ದೈವಭಕ್ತರು. ಪಿಯಾನೋ ನುಡಿಸುವುದರಲ್ಲಿ ಆಕೆಗೆ ಬಾಲ್ಯದಿಂದಲೇ ಪ್ರಾವೀಣ್ಯವಿದ್ದಿತು. ಕಿರಿವಯಸ್ಸಿನಲ್ಲಿಯೇ ಊರೂರು ತಿರುಗಿ ಕಚೇರಿಗಳನ್ನು ನಡೆಸಿದಳು. ಒಮ್ಮೆ ತುಂಬಿದ ಸಭೆಯಲ್ಲಿ ನುಡಿಸುತ್ತಿರುವಾಗ ವಾದ್ಯದ ಒಂದು ಕೀಲಿಯು ಕಳಚಿ ಕೈಗೆ ಬಂದಿತಂತೆ. ಅದರಿಂದ ಧೃತಿಗೆಟ್ಟು ಕಚೇರಿ ನಡೆಸುವುದನ್ನೇ ಬಿಟ್ಟೆನೆಂದು ಆಕೆಯೇ ಮುಂದೆ ಹೇಳಿಕೊಂಡಿದ್ದಾಳೆ. ಚರ್ಚ್ ಆರ್ಮಿ ಎಂಬ ಸೇವಾಮಂಡಲಿಯನ್ನು ಸೇರಿ ಬಡವರ ಕೇರಿಗಳಲ್ಲಿ ಹಾಡಿ ಉಪದೇಶಿಸುತ್ತಿದ್ದುದೂ ಆ ಯೌವನದ ದಿನಗಳಲ್ಲಿಯೇ. ನಟನಟಿಯರ ನಡುವೆ ಧರ್ಮಸೇವೆ ನಡೆಯಬೇಕೆಂದು ಹಂಬಲಿಸುತ್ತಿದ್ದವಳಿಗೆ, ಹಾಗಾದರೆ ನೀನೂ ಅವರಲ್ಲಿ ಒಬ್ಬಳಾಗು ಎಂದು ಸಲಹೆ ಕೊಟ್ಟವರು ಆಕೆಯ ಬಂಧುವೊಬ್ಬರು. ಹೀಗೆ ರಂಗಭೂಮಿಯನ್ನು ಹೊಕ್ಕಳು. ಅಲ್ಲಿಯೇ ಫಿಲಿಪ್ಸ್ ಸ್ಮಾಲಿ ಎಂಬ ನಟನ ಪರಿಚಯವಾಗಿ ವಿವಾಹವೂ ಆಯಿತು.

ಕೆಲವು ವರ್ಷಗಳ ತರುವಾಯ ದಂಪತಿಗಳು ಚಲಚ್ಚಿತ್ರದ ಉದ್ಯಮಕ್ಕೆ ಬಂದರು. ಆಗಿನ್ನೂ ಅದು ಮೂಕಚಿತ್ರಗಳ ಕಾಲ. ವೆಬರಳು ಕಥೆಯನ್ನು ತಾನೇ ಬರೆಯುವಳು, ತಾನೇ ಅಭಿನಯಿಸುವಳು, ತಾನೇ ನಿರ್ದೇಶಿಸುವಳು. ೧೯೧೩ರಲ್ಲಿ ತೆಗೆದ ‘ಸಸ್ಪೆನ್ಸ್’ ಎಂಬ ಚಿತ್ರವು ಹತ್ತು ನಿಮಿಷಗಳ ಕಿರುಕಥೆ. ಒಂಟಿಯಾದ ಮನೆಯಲ್ಲಿ ಕೂಸಿನೊಡನೆ ಇರುವ ತಾಯಿ, ಒಳನುಗ್ಗುವ ಅಲೆಮಾರಿ, ದೂರದ ಕಚೇರಿಯಲ್ಲಿ ಟೆಲಿಫೋನು ಹಿಡಿದು ಕುಳಿತ ಗಂಡ. ಈ ಮೂವರನ್ನೂ ಒಂದೇ ತೆರೆಯನ್ನು ಮೂರು ತ್ರಿಕೋಣಗಳಾಗಿ ವಿಭಾಗಿಸಿ ಏಕಕಾಲದಲ್ಲಿ ತೋರಿಸಲಾಗಿದೆ. ನೋಡುವವರ ಎದೆ ಡವಗುಟ್ಟದೆ ಇರದು. ೧೯೧೪ರಲ್ಲಿ ಷೇಕ್ಸ್‌ಪಿಯರನ ‘ವೆನಿಸ್ಸಿನ ವರ್ತಕ’ವನ್ನು ಚಿತ್ರವಾಗಿಸಿ, ಪೂರ್ಣಪ್ರಮಾಣದ ಚಿತ್ರವನ್ನು ನಿರ್ದೇಶಿಸಿದ ಮೊದಲ ಅಮೆರಿಕನ್ ಮಹಿಳೆಯೆಂಬ ಹೆಸರನ್ನು ಪಡೆದಳು, ಪೋರ್ಷಿಯಳ ಪಾತ್ರವನ್ನೂ ತಾನೇ ವಹಿಸಿದಳು. ೧೯೧೬ರಲ್ಲಿ ಪ್ರಖ್ಯಾತ ರಷ್ಯನ್ ನರ್ತಕಿ ಆನ್ನಾ ಪಾವ್ಲೋವಳು ಅಭಿನಯಿಸಿದ ಭಾರಿ ಚಿತ್ರವೊಂದನ್ನು ಯೂನಿವರ್ಸಲ್ ಸಂಸ್ಥೆಯು ಆಕೆಯ ಕೈಗೊಪ್ಪಿಸಿತು. ಅದೇ ವರ್ಷ ಚಲಚ್ಚಿತ್ರ ನಿರ್ದೇಶಕರ ಸಂಘವು, ಗಂಡಸರೇ ತುಂಬಿದ್ದ ತನ್ನ ಸಭೆಗೆ ಆಕೆಯನ್ನು ಸೇರಿಸಿಕೊಂಡಿತು.

ಆದರೆ ಆಕೆಯ ಹಿರಿಮೆಯನ್ನು ಅರಿಯಬೇಕಾದರೆ ‘ಷೂಸ್’ ಎಂಬ ಚಿತ್ರವನ್ನು ನೋಡಬೇಕು. ಇದೂ ೧೯೧೬ರದೇ. ಈವಾ ಎಂಬ ಹುಡುಗಿ ಅಗ್ಗದ ಸಾಮಾನಿನ ಅಂಗಡಿಯೊಂದರಲ್ಲಿ ದಿನವೆಲ್ಲ ನಿಂತು ದುಡಿಯುತ್ತಾಳೆ. ತಂದೆಯು ಮಂಚದ ಮೇಲೆ ಮಲಗಿ ಕಾದಂಬರಿ ಓದುವ ಸೋಮಾರಿ, ತಂಗಿಯರು ಮೂವರು. ವಾರದ ಸಂಬಳವೆಲ್ಲವೂ ತಾಯಿಯ ಕೈಗೆ ಸೇರಿ, ಬಾಡಿಗೆಗೂ ದಿನಸಿಗೂ ಕರಗಿಹೋಗುತ್ತದೆ. ಈವಾಳ ಪಾದರಕ್ಷೆಗಳು ಸವೆದು ತೂತಾಗಿವೆ. ಮುಂದಿನ ವಾರ ಕೊಳ್ಳೋಣವೆನ್ನುವ ತಾಯಿಯ ಮಾತು ವಾರವಾರವೂ ಮುಂದಕ್ಕೆ ಹೋಗುತ್ತದೆ. ಹುಡುಗಿಯು ರಾತ್ರಿಯ ಹೊತ್ತು ರಟ್ಟನ್ನು ಅಟ್ಟೆಯ ಅಳತೆಗೆ ಕತ್ತರಿಸಿ ಒಳಗಿಡುತ್ತಾಳೆ. ಮಳೆ ಬಂದರೆ ಆ ರಟ್ಟು ನೆಂದು ಹಿಟ್ಟಾಗುತ್ತದೆ. ಕಡೆಗೆ ಒಂದು ಜೊತೆ ಷೂಗಳಿಗಾಗಿ ಆಕೆ ತನ್ನ ಮಾನವನ್ನೇ ತೆತ್ತು ಮನೆಗೆ ಮರಳಿದಾಗ, ತಂದೆಗೆ ಕೆಲಸ ಸಿಕ್ಕಿತೆಂಬ ಸುದ್ದಿ ಬರುತ್ತದೆ! ಇಲ್ಲಿ ವೆಬರಳು ಆ ಹುಡುಗಿಯನ್ನು ಬಯ್ಯುವುದಿಲ್ಲ. ಎಷ್ಟು ಕೂಲಿ ಕೊಟ್ಟಿರಿ, ಆಕೆಯ ಕಾಲನ್ನು ಯಾರು ನೋಡಿದಿರಿ, ಎಂದು ನೋಡುಗರನ್ನೇ ಕೇಳುತ್ತಾಳೆ.

ಆಕೆಯ ಎಲ್ಲ ಚಿತ್ರಗಳನ್ನೂ ಇದೇ ತೂಕದಲ್ಲಿ ಹೊಗಳಲಾರೆನು. ಸಂತತಿ ನಿಯಂತ್ರಣವನ್ನು ಕುರಿತು ಅದೇ ವರ್ಷ ತೆಗೆದ ಚಿತ್ರವೊಂದರಲ್ಲಿ, ಉತ್ತಮ ಕುಲದವರು ಹೆರಬೇಕು, ಇತರರು ಮಿತಿಗೊಳಿಸಬೇಕು ಎಂಬ ಆ ಕಾಲದ ಭ್ರಾಂತಿಯು ಬೆರೆತಿದೆ. ಕೇರಿಯ ಬಡವರನ್ನು ಕಣ್ಣಾರೆ ಕಂಡವಳಿಗೆ ಅದು ಶೋಭಿಸುವುದಿಲ್ಲ.

೧೯೧೭ರಲ್ಲಿ ಲಾಸ್ ಏಂಜಲೀಸಿನಲ್ಲಿ ಸ್ವಂತ ಸಂಸ್ಥೆಯನ್ನೇ ಕಟ್ಟಿದಳು. ಅಲ್ಲಿಂದ ಬಂದ ‘ದಿ ಬ್ಲಾಟ್’ ಚಿತ್ರವನ್ನು (೧೯೨೧) ಉಪಾಧ್ಯಾಯವೃತ್ತಿಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಅವಶ್ಯವಾಗಿ ನೋಡತಕ್ಕದ್ದು. ಕಾಲೇಜಿನ ಪ್ರಾಧ್ಯಾಪಕನೊಬ್ಬನ ಮನೆ; ಹರಿದ ಜಮಖಾನೆ, ಬರಿದಾದ ಅಡಿಗೆಮನೆ. ಪಕ್ಕದಲ್ಲಿಯೇ ಪಾದರಕ್ಷೆಯ ವ್ಯಾಪಾರದಿಂದ ಸಿರಿವಂತನಾದವನ ಮನೆ. ಮಗಳು ಕಾಯಿಲೆ ಬಿದ್ದಾಳೆ, ಪುಷ್ಟಿಯ ಆಹಾರ ಬೇಕು. ನೆರೆಮನೆಯ ಕಿಟಕಿಯಲ್ಲಿ ಇಟ್ಟಿದ್ದ ಕೋಳಿಯನ್ನು ತಾಯಿಯು ತೆಗೆದುಕೊಂಡು, ಮರುಕ್ಷಣದಲ್ಲಿಯೇ ನಾಚಿ ಅಲ್ಲಿಯೇ ಇಟ್ಟುಬಿಡುತ್ತಾಳೆ. ತೆಗೆದುಕೊಂಡದ್ದನ್ನು ಮಗಳು ಕಂಡಳು. ಹಿಂದಕ್ಕೆ ಇಟ್ಟದ್ದನ್ನು ಕಾಣಲಿಲ್ಲ. ಒಂದು ಮಾತಿಲ್ಲದೆ ಮರ್ಯಾದಸ್ಥರ ಬಡತನವನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದವರನ್ನು ನಾನರಿಯೆನು. ಕೃತಕವಾದ ರಂಗಸಜ್ಜಿಕೆಗಿಂತ ನಿಜವಾದ ಮನೆಗಳಲ್ಲಿ ಚಿತ್ರ ತೆಗೆಯುವುದೇ ಆಕೆಗೆ ಪ್ರಿಯವಾಗಿದ್ದಿತು.

ಆದರೆ ಯುದ್ಧಾನಂತರದ ಜನರಿಗೆ ವಿನೋದವೂ ಥಳಕೂ ಬೇಕಾಗಿದ್ದವು. ಉದ್ಯಮವು ದೊಡ್ಡ ಬಂಡವಾಳದವರ ಕೈಸೇರಿತು. ಸ್ವತಂತ್ರರಾಗಿದ್ದ ಸ್ತ್ರೀಯರು ಒಬ್ಬೊಬ್ಬರಾಗಿ ಹೊರಬಿದ್ದರು. ಜನರ ರುಚಿಗಿಂತ ಈ ಎರಡನೆಯದೇ ಮುಖ್ಯ ಕಾರಣವೆಂದು ನನ್ನ ಎಣಿಕೆ. ವೆಬರಳ ಸಂಸ್ಥೆಯು ಮುಚ್ಚಿತು. ೧೯೨೨ರಲ್ಲಿ ದಾಂಪತ್ಯವೂ ಮುರಿಯಿತು. ಆಮೇಲೆಯೂ ಕೆಲವು ಚಿತ್ರಗಳನ್ನು ತೆಗೆದಳು. ಹವಾಯಿ ದ್ವೀಪದಲ್ಲಿ ತೆಗೆದ ‘ವೈಟ್ ಹೀಟ್’ (೧೯೩೪) ಕಡೆಯದು. ಅದೊಂದೇ ಆಕೆಯ ಮಾತನಾಡುವ ಚಿತ್ರ.

೧೯೩೯ರ ನವೆಂಬರ್ ೧೩ರಂದು ಹಾಲಿವುಡ್ಡಿನಲ್ಲಿ ತೀರಿಕೊಂಡಾಗ ಆಕೆಯ ಕೈಯಲ್ಲಿ ಹಣವಿರಲಿಲ್ಲ. ಉತ್ತರಕ್ರಿಯೆಯ ವೆಚ್ಚವನ್ನು ಚಿತ್ರಕಥಾಲೇಖಕಿ ಫ್ರಾನ್ಸಿಸ್ ಮೇರಿಯನ್ ಎಂಬಾಕೆಯು ವಹಿಸಿದಳು. ಆ ಲೇಖಕಿಗೆ ಉದ್ಯಮದಲ್ಲಿ ಮೊದಲು ಕೆಲಸ ಕೊಟ್ಟವಳು ವೆಬರಳೇ. ಆಕೆಯ ಚಿತ್ರಗಳಲ್ಲಿ ಬಹುಭಾಗ ನಷ್ಟವಾಗಿವೆ. ಕಳೆದೇಹೋಯಿತೆಂದಿದ್ದ ‘ದಿ ಬ್ಲಾಟ್’ ಮರಳಿ ದೊರೆಯಿತು. ‘ಷೂಸ್’ ಚಿತ್ರದ ಜೀರ್ಣವಾದ ಪ್ರತಿಯನ್ನು ನೆದರ್ಲೆಂಡ್ಸಿನ ಚಿತ್ರಸಂಗ್ರಹಾಲಯದವರು ದುರಸ್ತಿಗೊಳಿಸಿದರು. ೨೦೧೪ರಲ್ಲಿ ಅದು ಅಮೆರಿಕಾ ದೇಶದ ರಾಷ್ಟ್ರೀಯ ಚಿತ್ರಪಟ್ಟಿಕೆಯನ್ನು ಸೇರಿತು.