ಕಲ್ಲಿನ ಲೆಡ್ಜರು

ನಮ್ಮ ತಿಳವಳ್ಳಿಯ ಶಾಂತೇಶ್ವರ ಗುಡಿಗೆ ನಾನು ಚಿಕ್ಕಂದಿನಿಂದ ಹೋಗುತ್ತಿದ್ದೇನೆ. ಸೇವುಣರ ಕಾಲದಲ್ಲಿ, 1238ರಲ್ಲಿ, ಸಾವಂತ ಠಕ್ಕುರ ಎಂಬವನು ಅದನ್ನು ಕಟ್ಟಿಸಿದನೆಂದು ಬಂದವರಿಗೆಲ್ಲ ಹೇಳುತ್ತಿದ್ದೆ. ಆದರೆ ಇಷ್ಟು ಹಿಂದಿನ ಮಾತು ನಮಗೆ ತಿಳಿದದ್ದು ಹೇಗೆ ಎಂದು ಎಪ್ಪತ್ತು ದಾಟಿದರೂ ನಾನು ಯೋಚಿಸಿರಲಿಲ್ಲ. ಯೋಚಿಸುವಂತೆ ಮಾಡಿದವಳು ನನ್ನ ಮೊಮ್ಮಗಳು.

ಬಿ.ಎ. ಮುಗಿಸಿ ಒಂದು ದಿನ ಅವಳು ಅಂದಳು: “ಅಜ್ಜಾ, ನಾ ಧಾರವಾಡದಾಗ ಎಂ.ಎ. ಕನ್ನಡ ಮಾಡ್ತೇನಿ. ಹಳಗನ್ನಡ, ಶಾಸನ ಓದಬೇಕು.”

ನಾನು ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸಂಸಾರ ಸಾಗಿಸಿದವನು. “ಹಳಗನ್ನಡ ಓದಿ ಏನ್ ಉಣ್ತೀಯವಾ?” ಎಂದುಬಿಟ್ಟೆ. ಅವಳು ಉತ್ತರ ಕೊಡಲಿಲ್ಲ. ಮಗ ಫೀ ಕಟ್ಟಿದ. ಅವಳು ಧಾರವಾಡಕ್ಕೆ ಹೋದಳು. ಫೋನಿನಲ್ಲಿ ಅಜ್ಜಿಯ ಜೊತೆ ಮಾತ್ರ ಮಾತಾಡುತ್ತಿದ್ದಳು.

ದೀಪಾವಳಿ ಸೂಟಿಗೆ ಬಂದಾಗ ಸಿಟ್ಟು ಇಳಿದಿತ್ತು. ನನ್ನ ಪಕ್ಕ ಕುಳಿತು, “ಅಜ್ಜಾ, ‘ಪಾಲ್’ ಅಂದ್ರ ಏನು?” ಎಂದಳು. ತಮಿಳಿನಲ್ಲಿ ಹಾಲಿಗೆ ಹಾಗನ್ನುತ್ತಾರೆ ಎಂದೆ. “ಹಳಗನ್ನಡದಾಗೂ ಅದ. ಪೂ ಅಂದ್ರ ಹೂ, ಪುಲಿ ಅಂದ್ರ ಹುಲಿ, ಪಾವು ಅಂದ್ರ ಹಾವು. ಹಂಗಾದ್ರ ಪಾನುಂಗಲ್ಲು?” ನಾನು ಬೆರಗಾದೆ. ನಮ್ಮ ತಾಲೂಕಿನ ಊರು ಹಾನಗಲ್ಲು! ಕದಂಬರ ಒಂದು ಶಾಖೆ ಆಳಿದ ಆ ಪಾನುಂಗಲ್ಲಿನ ‘ಪ’ಕಾರ ಕಾಲಕ್ರಮದಲ್ಲಿ ‘ಹ’ಕಾರವಾಗಿತ್ತು. ಮಕ್ಕಳೇ, ನೀವೂ ಇಂಥ ಶಬ್ದ ಹುಡುಕಿ ನೋಡಿ.

ಆಮೇಲೆ ಅವಳು ಮೊಬೈಲಿನಲ್ಲಿ ಶಾಸನವೊಂದರ ಪಡಿಯಚ್ಚು ತೋರಿಸಿದಳು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ತಗ್ಗಿಗೆ ಇಳಿಸುತ್ತಾರೆ. ಮೇಲೆ ಮಸಿ ಒತ್ತಿದರೆ ಸುತ್ತಲೂ ಕಪ್ಪಾಗಿ ಅಕ್ಷರ ಬಿಳಿಯಾಗಿ ಮೂಡುತ್ತದೆ. ಅವಳು ಓದುತ್ತ ಅರ್ಥ ಹೇಳಿದಂತೆ ನನಗೆ ಪರಿಚಯದ ವಾಸನೆ ಹೊಡೆಯಿತು. ಮೊದಲು ತಾರೀಖು: ಶಕವರ್ಷಕ್ಕೆ 78 ಕೂಡಿಸಿದರೆ ನಮ್ಮ ಇಸವಿ. ಹಾಗಾಗಿ ಶಕ 1160 ಅಂದರೆ 1238. ಆಮೇಲೆ ಕೊಟ್ಟವರ ಹೆಸರು, ಪಡೆದವರ ಹೆಸರು. ಭೂಮಿಯಾದರೆ ಎಷ್ಟು ಮತ್ತರು, ಎಷ್ಟು ಕಮ್ಮ, ಮೂಡಲು, ತೆಂಕಲು, ಪಡುವಲು, ಬಡಗಲು ಏನಿದೆ ಎಂಬ ಚಕ್ಕುಬಂದಿ. ಹೊನ್ನಾದರೆ ಎಷ್ಟು ಗದ್ಯಾಣ. ಕೆಲವು ಶಾಸನಗಳಲ್ಲಿ ಅಸಲು ಹಾಗೇ ಇಟ್ಟು ಬಡ್ಡಿಯಿಂದ ನಂದಾದೀಪ ಉರಿಸಬೇಕೆಂಬ ಕರಾರೂ ಇರುತ್ತದೆ. ಇದು ಮುದ್ದತು ಠೇವಣಿಯಲ್ಲದೆ ಇನ್ನೇನು! ಕೊನೆಗೆ, ಇದನ್ನು ಕೆಡಿಸಿದವರಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ಎಂಬ ಶಾಪ. ಓದು ಬಾರದವರಿಗೂ ತಿಳಿಯಲೆಂದು ಕಲ್ಲಿನ ನೆತ್ತಿಯ ಮೇಲೆ ಸೂರ್ಯ, ಚಂದ್ರ, ಆಕಳು ಕರು. ಸೂರ್ಯಚಂದ್ರರಿರುವ ತನಕ ಈ ದಾನ ನಡೆಯಬೇಕು ಎಂದು ಅರ್ಥ.

ನಾನು ಜೀವನವಿಡೀ ಬರೆದದ್ದೂ ಲೆಡ್ಜರೇ. ಆದರೆ ಊರಿನ ಈ ಲೆಡ್ಜರು ಓದಲು ಬರದೆ ಅದರ ಮುಂದೆ ಕೈಮುಗಿದು ಬರುತ್ತಿದ್ದೆ.

ಇದನ್ನು ಓದುವುದು ಸುಲಭವಲ್ಲವಂತೆ. ಈಗ ಬಳಕೆಯಲ್ಲಿಲ್ಲದ ‘ಱ’, ‘ೞ’ ಅಕ್ಷರ ಕಲಿಯಬೇಕು. ನಮ್ಮ ಗುಡಿ ಎದ್ದ ಶತಮಾನದಲ್ಲೇ ಕೇಶಿರಾಜ ಬರೆದ ‘ಶಬ್ದಮಣಿದರ್ಪಣ’ ವ್ಯಾಕರಣ ಓದಬೇಕು. ನಡುವೆ ಸಂಸ್ಕೃತ ಶ್ಲೋಕ ಬರುವುದರಿಂದ ಸಂಸ್ಕೃತವೂ ಬೇಕು. ಇಂಗ್ಲೆಂಡಿನ ಜೆ. ಎಫ್. ಫ್ಲೀಟ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸಂಸ್ಕೃತ ಕಲಿತು, 1867ರಲ್ಲಿ ಮುಂಬಯಿ ಪ್ರಾಂತದ ಸರಕಾರಿ ನೌಕರಿಗೆ ಬಂದರು. ನೌಕರಿಯ ಜೊತೆಗೇ ಹಳಗನ್ನಡ ಶಾಸನಗಳನ್ನು ಓದಿ, 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆ ಪ್ರಕಟಿಸಿದರು. ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆ ಆರಂಭವಾದದ್ದು 1939ರಲ್ಲಿ. ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಸಿಕ್ಕದ್ದು 2008ರಲ್ಲಿ. ಸ್ಥಾನವೇನೋ ಸಿಕ್ಕಿತು, ಆದರೆ ಪ್ರತಿ ತಲೆಮಾರಿನಲ್ಲೂ ನಾಲ್ಕು ಜನ ಕೂತು ಓದದಿದ್ದರೆ ಕಲ್ಲು ಬರೀ ಕಲ್ಲೇ.

ಈ ಓದಿಗೆ ನೌಕರಿ ಕಡಿಮೆ ಎಂಬುದು ಸುಳ್ಳಲ್ಲ. ಆ ಚಿಂತೆ ನನಗೆ ಇನ್ನೂ ಇದೆ. ಆದರೂ ಈ ಸಲದ ಫೀ ನನ್ನ ಪೆನ್ಶನ್ನಿನಿಂದ ಕಟ್ಟಿದೆ. “ಯಾಕಜ್ಜಾ?” ಎಂದು ಕೇಳಿದಳು. “ಠೇವಣಿ ಅಂತ ತಿಳ್ಕೋವಾ. ಬಡ್ಡಿಯಾಗಿ ಸೂಟಿಗೆ ಬಂದಾಗೊಮ್ಮೆ ನನಗೊಂದು ಶಾಸನ ಓದಿ ಹೇಳು” ಎಂದೆ.

ನಿಮ್ಮೂರ ಗುಡಿಯ ಮುಂದೆಯೂ, ಕೆರೆಯ ದಂಡೆಯಲ್ಲೂ ಇಂಥ ಕಲ್ಲು ಇರಬಹುದು. ಅದಕ್ಕೆ ಸುಣ್ಣ, ಬಣ್ಣ ಬಳಿಯಬೇಡಿ. ಮಕ್ಕಳು ಅದರ ಮೇಲಿನ ಅಕ್ಷರ ಎಣಿಸುತ್ತ ಕೂತರೆ, ಅಜ್ಜಂದಿರೇ, ನನ್ನ ಹಾಗೆ ಗದರಬೇಡಿ.