ಕಡಿಮೆ ಬೆಲೆಯ ಮಾತ್ರೆಗೆ ‘ಪವರ್’ ಕಡಿಮೆಯೇ?

ಬಿ.ಪಿ., ಶುಗರ್ ಮಾತ್ರೆಗಳ ಖರ್ಚು ಒಂದು ತಿಂಗಳಿಗೆ ಮುಗಿಯುವುದಿಲ್ಲ, ಅದು ಬದುಕಿಡೀ ಇರುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯೂ ಕೈ ಬಿಗಿಯಾದಾಗ ದಿನ ಬಿಟ್ಟು ದಿನ ಮಾತ್ರೆ ನುಂಗುವವರಿದ್ದಾರೆ. ‘ಜನೌಷಧಿಯಲ್ಲಿ ತೆಗೆದುಕೊಳ್ಳಿ’ ಎಂದರೆ, ‘ಅದಕ್ಕೆ ಪವರ್ ಇಲ್ಲವಂತೆ’ ಎನ್ನುತ್ತಾರೆ. ಇದು ನಿಜವೇ?

ಒಂದೇ ಔಷಧಿ, ಹಲವು ಹೆಸರು

ಶುಗರ್‌ಗೆ ಸಾಮಾನ್ಯವಾಗಿ ಕೊಡುವ ಔಷಧಿ ಮೆಟ್‌ಫಾರ್ಮಿನ್. ಇದು ಔಷಧಿಯ ಮೂಲ ಹೆಸರು, ಅಂದರೆ ಜೆನೆರಿಕ್ ಹೆಸರು. ಗ್ಲೈಕೊಮೆಟ್ ಎಂಬುದು ಅದೇ ಔಷಧಿಗೆ ಒಂದು ಕಂಪನಿ ಇಟ್ಟ ಹೆಸರು. ಎರಡರ ಮೇಲೂ 500 ಮಿ.ಗ್ರಾಂ. ಎಂದಿದ್ದರೆ ಒಳಗೆ ಇರಬೇಕಾದ ಔಷಧಿಯ ಪ್ರಮಾಣ ಒಂದೇ. ಎರಡಕ್ಕೂ ಅನ್ವಯಿಸುವ ಕಾನೂನೂ ಒಂದೇ.

ಬೆಲೆ ಏಕೆ ಬೇರೆ?

ಮೆಟ್‌ಫಾರ್ಮಿನ್ ಬಳಕೆಗೆ ಬಂದದ್ದು 1957ರಲ್ಲಿ. ಈಗ ಅದಕ್ಕೆ ಪೇಟೆಂಟ್ ಇಲ್ಲ. ಬ್ರಾಂಡ್‌ನ ಬೆಲೆಯಲ್ಲಿ ಪ್ರಚಾರ, ಮೆಡಿಕಲ್ ರೆಪ್‌ಗಳ ಸಂಬಳ, ಮಾರಾಟಗಾರರ ಲಾಭ ಎಲ್ಲವೂ ಸೇರಿರುತ್ತವೆ. ಅಗತ್ಯ ಔಷಧಿಗಳಿಗೆ ಸರಕಾರ ಗರಿಷ್ಠ ಬೆಲೆ ನಿಗದಿ ಮಾಡುತ್ತದೆ, ನಿಜ. ಆದರೆ 2013ರ ಆದೇಶದಂತೆ ಅದನ್ನು ತಯಾರಿಕೆಯ ಖರ್ಚಿನಿಂದ ಲೆಕ್ಕ ಹಾಕುವುದಿಲ್ಲ. ಮಾರುಕಟ್ಟೆಯಲ್ಲಿ ಕನಿಷ್ಠ ಶೇ. 1 ಪಾಲಿರುವ ಬ್ರಾಂಡ್‌ಗಳ ಸರಾಸರಿ ಬೆಲೆಗೆ ಅಂಗಡಿಯ ಲಾಭವಾಗಿ ಶೇ. 16 ಸೇರಿಸುತ್ತಾರೆ. 2008ರಲ್ಲಿ ಶುರುವಾದ ಜನೌಷಧಿ ಯೋಜನೆಯಲ್ಲಿ ಬ್ರಾಂಡ್ ಪ್ರಚಾರದ ಖರ್ಚಿಲ್ಲ. ಹಾಗಾಗಿ ಅಲ್ಲಿ ಬೆಲೆ ಸಾಮಾನ್ಯವಾಗಿ ಶೇ. 50ರಿಂದ 80ರಷ್ಟು ಕಡಿಮೆ.

ಕಳಪೆ ಮಾತ್ರೆಗಳೇ ಇಲ್ಲವೇ?

ಇವೆ. ಆದರೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳು ಪ್ರಕಟಿಸುವ, ಪರೀಕ್ಷೆಯಲ್ಲಿ ಫೇಲಾದ ಔಷಧಿಗಳ ಪಟ್ಟಿಯಲ್ಲಿ ಹೆಸರಾಂತ ಬ್ರಾಂಡ್‌ಗಳೂ ಬಂದದ್ದುಂಟು. ಬೆಲೆ ಹೆಚ್ಚಿದ್ದ ಮಾತ್ರಕ್ಕೆ ಗುಣಮಟ್ಟ ಹೆಚ್ಚು ಎನ್ನುವಂತಿಲ್ಲ.

ಕೀಲಿ ಡಾಕ್ಟರ ಚೀಟಿಯಲ್ಲಿದೆ

ಚೀಟಿಯಲ್ಲಿ ಬರೆದ ಬ್ರಾಂಡ್ ಬದಲು ಬೇರೆಯದನ್ನು ತಾವಾಗಿಯೇ ಕೊಡಲು ಅಂಗಡಿಯವರಿಗೆ ಕಾನೂನಿನಲ್ಲಿ ಅವಕಾಶವಿಲ್ಲ. ಆದ್ದರಿಂದ ಡಾಕ್ಟರು ಏನು ಬರೆಯುತ್ತಾರೆ ಎನ್ನುವುದೇ ಮುಖ್ಯ. ಜೆನೆರಿಕ್ ಹೆಸರನ್ನು ಓದಲು ಬರುವಂತೆ ಬರೆಯಬೇಕು ಎಂದು 2016ರಲ್ಲಿ ತಿದ್ದುಪಡಿಯಾದ ವೈದ್ಯಕೀಯ ನಿಯಮ ಹೇಳುತ್ತದೆ. 2023ರ ಆಗಸ್ಟ್‌ನಲ್ಲಿ ಬಂದ ಇನ್ನೂ ಬಿಗಿಯಾದ ನಿಯಮವನ್ನು, ಗುಣಮಟ್ಟದ ಖಾತ್ರಿ ಎಲ್ಲಿ ಎಂದು ವೈದ್ಯರು ಆಕ್ಷೇಪಿಸಿದ ಮೇಲೆ, ಅದೇ ತಿಂಗಳು ತಡೆಹಿಡಿಯಲಾಯಿತು.

ಮೂಲ ಹೆಸರು ತಿಳಿಯದಿದ್ದರೆ ಅಪಾಯವೂ ಇದೆ. ಊರಿನ ಡಾಕ್ಟರು ಒಂದು ಬ್ರಾಂಡ್, ಮಣಿಪಾಲದವರು ಇನ್ನೊಂದು ಬ್ರಾಂಡ್ ಬರೆದರೆ, ಎರಡೂ ಬೇರೆ ಎಂದುಕೊಂಡು ಒಂದೇ ಔಷಧಿಯನ್ನು ಎರಡು ಪಟ್ಟು ನುಂಗುವ ಸಾಧ್ಯತೆ ಇದೆ.

ನೀವು ಮಾಡಬಹುದಾದದ್ದು

• ‘ಡಾಕ್ಟ್ರೇ, ಇದರ ಜೆನೆರಿಕ್ ಹೆಸರು ಬರೆದುಕೊಡಿ, ಜನೌಷಧಿಯಲ್ಲಿ ತೆಗೆದುಕೊಳ್ಳಬಹುದಾ?’ ಎಂದು ಕೇಳಿ. ಅದರಲ್ಲಿ ಸಂಕೋಚವೇನೂ ಬೇಡ.
• ಯಾವ ಡಾಕ್ಟರ ಬಳಿ ಹೋದರೂ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಒಯ್ಯಿರಿ.
• ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಬಿ.ಪಿ., ಶುಗರ್‌ನ ಸಾಮಾನ್ಯ ಮಾತ್ರೆಗಳನ್ನು ಅಲ್ಲಿ ಉಚಿತವಾಗಿ ಕೊಡುತ್ತಾರೆ.
• ಅಪಸ್ಮಾರ, ಥೈರಾಯ್ಡ್, ರಕ್ತ ತೆಳುವಾಗಿಸುವ ವಾರ್‌ಫರಿನ್ ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ಬದಲಿಸಬೇಡಿ. ಇವುಗಳಲ್ಲಿ ಸಣ್ಣ ವ್ಯತ್ಯಾಸವೂ ತೊಂದರೆ ಕೊಡಬಹುದು.

ಒಟ್ಟಿನಲ್ಲಿ, ಕಡಿಮೆ ಬೆಲೆಯ ಮಾತ್ರೆಯನ್ನು ದಿನವೂ ತಪ್ಪದೆ ನುಂಗಿದರೆ ಬಿ.ಪಿ. ಹಿಡಿತದಲ್ಲಿರುತ್ತದೆ. ದುಬಾರಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಿದರೆ ಇರುವುದಿಲ್ಲ.